ದೋ ಮಿನಿಟ್ ಎನ್ನುವುದನ್ನು ಬಿಡೋಣ: ಮುಂಬಯಿಯ ನಮ್ಮ ಹೊಟೇಲು ಮಾಲಿಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಮಾಟುಂಗಾ, ಚೆಂಬೂರು, ಅಂಧೇರಿಯಿಂದ ಹಿಡಿದು ಠಾಣೆ, ಡೊಂಬಿವಲಿ, ಮೀರಾ ರೋಡಿನವರೆಗೆ ಉಡುಪಿ ಹೊಟೇಲು ನಡೆಸುತ್ತಿರುವ ನಮ್ಮ ಊರಿನ ಮಾಲಿಕರಿಗೂ, ಅವರ ಪರವಾಗಿ ಗಲ್ಲಾದಲ್ಲಿ ಕೂರುವ ಮ್ಯಾನೇಜರರಿಗೂ ಈ ಪತ್ರ. ಬರೆಯುತ್ತಿರುವ ನಾವು ಕೆಲವರು ಇದೇ ಧಂದೆಯವರು. ಟೇಬಲು, ಕಿಚನ್, ಪಾರ್ಸೆಲ್ ಕೌಂಟರ್, ಗಲ್ಲಾ ಎಲ್ಲ ಕಡೆ ಕೆಲಸ ಮಾಡಿ ಈಗ ಹೊಸ ಹುಡುಗರಿಗೆ ಕೆಲಸ ಹೇಳಿಕೊಡುವವರು.

ಗಿರಾಕಿ ದೂರು ಹೇಳಿದರೆ ನಮ್ಮ ಕಡೆ ನಡೆಯುವುದು ಎರಡೇ. ಒಂದೋ ವೇಟರನಿಗೆ ಬೈಗುಳ, ಇಲ್ಲವೇ ಯಾರನ್ನಾದರೂ ಕರೆಸಿ ‘ನಗುತ್ತಾ ಮಾತಾಡು, ಗುಡ್ ಈವ್ನಿಂಗ್ ಸರ್ ಹೇಳು’ ಎಂದು ಒಂದು ಮಧ್ಯಾಹ್ನದ ಪಾಠ. ನಗು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ತಪ್ಪಾದ ದೋಸೆಯನ್ನು ನಗುತ್ತಾ ತಂದಿಟ್ಟರೆ ಗಿರಾಕಿಯ ಸಿಟ್ಟು ಇನ್ನಷ್ಟು ಏರುತ್ತದೆ. ನಮ್ಮ ಹೊಟೇಲುಗಳಲ್ಲಿ ಸರ್ವಿಸ್ ಕೆಡುವುದು ಹೆಚ್ಚಾಗಿ ಮಾತು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ: ಟೇಬಲಿಂದ ಭಟ್ಟಿಗೆ, ಭಟ್ಟಿಯಿಂದ ಟೇಬಲಿಗೆ, ಗಿರಾಕಿಗಳು ಕೂರುವ ಹಾಲಿನಿಂದ ಗಲ್ಲಾಕ್ಕೆ, ಬೆಳಗಿನ ಪಾಳಿಯಿಂದ ಸಂಜೆ ಪಾಳಿಗೆ. ಅಲ್ಲಿ ಸರಿ ಮಾಡದೆ ಹುಡುಗನ ಮುಖವನ್ನು ತಿದ್ದಿ ಪ್ರಯೋಜನವಿಲ್ಲ.

‘ದೋ ಮಿನಿಟ್’ ಎಂಬ ಉತ್ತರವನ್ನೇ ತೆಗೆದುಕೊಳ್ಳಿ. ಭಾನುವಾರ ಬೆಳಿಗ್ಗೆ 9.30. ತವಾದ ಮೇಲೆ ಒಮ್ಮೆಗೆ 4 ದೋಸೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನೀರು ಚಿಮುಕಿಸಿ ಒರೆಸಿ, ಹಿಟ್ಟು ಹರಡಿ, ಬೆಣ್ಣೆ ಬಿಟ್ಟು, ಪಲ್ಯ ಇಟ್ಟು, ಮಡಚಿ ತೆಗೆಯಲು ಒಂದು ಸುತ್ತಿಗೆ 4 ನಿಮಿಷ. ದೋಸೆ ಮಾಸ್ತರನ ಎದುರು ಆಗಲೇ 8 ದೋಸೆಯ ಚೀಟಿ ಇವೆ. ಈಗ ಬಂದ ಆರ್ಡರು ಮೂರನೇ ಸುತ್ತಿನದು, ಅಂದರೆ 12 ನಿಮಿಷ. ನಡುವೆ ಎರಡು ಉತ್ತಪ್ಪ ಇದ್ದರೆ ಲೆಕ್ಕ ಇನ್ನೂ ಮುಂದೆ ಹೋಗುತ್ತದೆ, ಏಕೆಂದರೆ ಉತ್ತಪ್ಪ ದಪ್ಪ, ಎರಡೂ ಬದಿ ಸಣ್ಣ ಉರಿಯಲ್ಲಿ ಬೇಯಬೇಕು, ಅಷ್ಟು ಹೊತ್ತು ತವಾದ ಅರ್ಧ ಜಾಗ ಅದಕ್ಕೇ. ವೇಟರ್ ಮಾತ್ರ ‘ದೋ ಮಿನಿಟ್ ಸಾಬ್’ ಎಂದು ಹೇಳಿ ಹೋಗಿರುತ್ತಾನೆ. ಐದನೇ ನಿಮಿಷಕ್ಕೆ ಗಿರಾಕಿ ಕೈ ಎತ್ತುತ್ತಾನೆ, ಮತ್ತೆ ‘ಬಸ್, ಆ ಗಯಾ’. ಎಂಟನೇ ನಿಮಿಷಕ್ಕೆ ಪಕ್ಕದ ಟೇಬಲಿಗೆ ದೋಸೆ ಬರುತ್ತದೆ, ಅದು ಮೊದಲೇ ಕೊಟ್ಟ ಆರ್ಡರು ಎಂದು ಇವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ದೋಸೆ ಎಷ್ಟು ಚೆನ್ನಾಗಿದ್ದರೂ ಅವನ ನಾಲಿಗೆಗೆ ಹತ್ತುವುದಿಲ್ಲ.

ಇದಕ್ಕೆ ಹುಡುಗನ ಸುಳ್ಳುಬುದ್ಧಿ ಕಾರಣವಲ್ಲ. ಭಟ್ಟಿಯ ಮುಂದೆ ಎಷ್ಟು ಚೀಟಿ ನಿಂತಿದೆ ಎಂದು ಅವನಿಗೆ ತಿಳಿಯುವ ದಾರಿಯೇ ಇಲ್ಲ. ದಾರಿ ಮಾಡುವುದು ಕಷ್ಟವೂ ಅಲ್ಲ. ಕಿಚನ್ ಕಿಟಕಿಯ ಪಕ್ಕ ಒಂದು ಸಣ್ಣ ಬೋರ್ಡು ತೂಗುಹಾಕಿ. ರಶ್ ಹೊತ್ತಿನಲ್ಲಿ ದೋಸೆ ಮಾಸ್ತರ ಅಥವಾ ಅವನ ಕೈಕೆಳಗಿನ ಹುಡುಗ ‘ತೀನ್ ರೌಂಡ್’, ‘ಚಾರ್ ರೌಂಡ್’ ಎಂದು ಕೂಗುತ್ತಾನೆ, ಕ್ಯಾಪ್ಟನ್ (ವೇಟರುಗಳ ಮೇಲಿನವನು) ಆ ಅಂಕೆಯನ್ನು ಬೋರ್ಡಿನ ಮೇಲೆ ಬರೆಯುತ್ತಾನೆ. ವೇಟರ್ ಅದನ್ನು 4ರಿಂದ ಗುಣಿಸಿ, ಮೇಲೆ 3 ನಿಮಿಷ ಸೇರಿಸಿ ಹೇಳಬೇಕು. 12 ಆಗುವುದಿದ್ದರೆ 15 ಎನ್ನಿ. 15 ಎಂದು ಹೇಳಿ 12ಕ್ಕೆ ತಂದವನಿಗೆ ಟಿಪ್ಪು ಸಿಗುತ್ತದೆ, 2 ಎಂದು ಹೇಳಿ 8ಕ್ಕೆ ತಂದವನಿಗೆ ಬೈಗುಳ. ಜೊತೆಗೆ ತಕ್ಷಣ ಸಿಗುವುದು ಏನು ಎಂದೂ ಅದೇ ಉಸಿರಿನಲ್ಲಿ ಹೇಳಲಿ: ‘ದೋಸೆಗೆ ಹದಿನೈದು ನಿಮಿಷ ಆಗುತ್ತದೆ, ಇಡ್ಲಿ ವಡೆ ಈಗಲೇ ಇದೆ.’ ಲೋಕಲ್ ಹಿಡಿಯಬೇಕಾದವನು ಇಡ್ಲಿ ತಿಂದು ಏಳುತ್ತಾನೆ, ಪುರುಸೊತ್ತಿರುವವನು ಕಾಯುತ್ತಾನೆ. ಟೇಬಲೂ ಬೇಗ ಖಾಲಿ, ತವಾದ ಮೇಲಿನ ಒತ್ತಡವೂ ಕಡಿಮೆ.

ಇನ್ನು ಆರ್ಡರು ಬರೆಯುವ ರೀತಿ. ಕೆಓಟಿ (ಕಿಚನ್ನಿಗೆ ಆರ್ಡರಿನ ಚೀಟಿ ಅಚ್ಚು ಹಾಕುವ) ಪ್ರಿಂಟರ್ ತಂದಿದ್ದೇವೆ, ಟ್ಯಾಬ್ ಕೊಟ್ಟಿದ್ದೇವೆ, ಆದರೂ ತಪ್ಪುವುದೇಕೆ ಎಂದು ಕೇಳುವವರಿದ್ದಾರೆ. ಪ್ರಿಂಟರು ನೀವು ಒತ್ತಿದ್ದನ್ನು ಅಚ್ಚು ಹಾಕುತ್ತದೆ, ಗಿರಾಕಿ ಹೇಳಿದ್ದನ್ನಲ್ಲ. ಮೂರು ಅಭ್ಯಾಸ ಸಾಕು. ಬರೆದ ಮೇಲೆ ಆರ್ಡರನ್ನು ಗಿರಾಕಿಗೆ ತಿರುಗಿ ಹೇಳುವುದು ಮೊದಲನೆಯದು, ಅದಕ್ಕೆ ಹಿಡಿಯುವುದು ಹತ್ತು ಸೆಕೆಂಡು. ಎರಡನೆಯದು ಕುರ್ಚಿಗೆ ನಂಬರು. ಗಲ್ಲಾಕ್ಕೆ ಹತ್ತಿರದ ಕುರ್ಚಿ 1, ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 2, 3, 4 ಎಂದು ಇಡೀ ಹಾಲಿಗೆ ಒಂದೇ ನಿಯಮ. ಚೀಟಿಯಲ್ಲಿ ‘6/2 ಮೈಸೂರು, 6/3 ಸಾದಾ’ (6ನೇ ಟೇಬಲಿನ 2ನೇ, 3ನೇ ಕುರ್ಚಿ) ಎಂದಿದ್ದರೆ ಯಾವ ಹುಡುಗ ಪ್ಲೇಟು ತಂದರೂ ಸರಿಯಾದವರ ಎದುರು ಇಡುತ್ತಾನೆ. ನಾಲ್ಕು ಪ್ಲೇಟು ಕೈಮೇಲೆ ಹೊತ್ತು ನಿಂತು ‘ಮೈಸೂರ್ ಕಿಸ್ಕಾ?’ ಎಂದು ಹರಾಜು ಕೂಗುವ ಪ್ರಸಂಗವೇ ಬರುವುದಿಲ್ಲ. ನಮ್ಮ ಮುಂಬಯಿಯಲ್ಲಿ ಇದು ಇನ್ನೂ ಮುಖ್ಯ. ರಶ್ ಹೊತ್ತಿನಲ್ಲಿ ಒಂದೇ ಟೇಬಲಿಗೆ ಗುರುತಿಲ್ಲದ ಇಬ್ಬರನ್ನು ಕೂರಿಸುತ್ತೇವೆ, ಆರ್ಡರು ಎರಡು, ಬಿಲ್ಲು ಎರಡು. ಕುರ್ಚಿಯ ನಂಬರಿಲ್ಲದೆ ಆ ಬಿಲ್ಲುಗಳು ಬೆರೆಯದೆ ಇರುವುದು ಪುಣ್ಯ. (ಹಾಗೆ ಕೂರಿಸುವ ಮುಂಚೆ ಮೊದಲು ಕೂತವರನ್ನು ಒಂದು ಮಾತು ಕೇಳಿ. ಬೇಡ ಎನ್ನುವವರು ಕಡಿಮೆ, ಕೇಳದೆ ಕೂರಿಸಿದ್ದಕ್ಕೆ ಮುಖ ಸಿಂಡರಿಸುವವರು ಬಹಳ.)

ಮೂರನೆಯದು ಚೀಟಿಯ ಸಂಕ್ಷಿಪ್ತ ಅಕ್ಷರಗಳು. ‘ಎಂಡಿ’ ಎಂದರೆ ಒಬ್ಬ ವೇಟರನಿಗೆ ಮಸಾಲೆ ದೋಸೆ, ಇನ್ನೊಬ್ಬನಿಗೆ ಮೈಸೂರು ದೋಸೆ. ‘ಸಾದಾ’ ಎಂದರೆ ಒಬ್ಬನಿಗೆ ಪಲ್ಯವಿಲ್ಲದ್ದು, ಇನ್ನೊಬ್ಬನಿಗೆ ಖಾರವಿಲ್ಲದ್ದು. ಹೊಟೇಲಿಗೆ ಒಂದೇ ಪಟ್ಟಿ ಮಾಡಿ, ಕಿಚನ್ ಗೋಡೆಗೂ ಹಾಲಿನ ಒಳಗೋಡೆಗೂ ಅಂಟಿಸಿ, ಪಟ್ಟಿಯಲ್ಲಿಲ್ಲದ್ದನ್ನು ಪೂರ್ತಿ ಬರೆಯಲಿ. ಬಾಯಲ್ಲಿ ಕೂಗುವ ಆರ್ಡರು ಇನ್ನೂ ಉಳಿದಿದ್ದರೆ, ಕೇಳಿದ ಮಾಸ್ತರ ಅದನ್ನು ತಿರುಗಿ ಕೂಗಬೇಕು. ಉತ್ತರ ಬಾರದ ಕೂಗನ್ನು ಆರ್ಡರು ಎಂದು ಲೆಕ್ಕ ಹಿಡಿಯಬಾರದು. ಎಕ್ಸಾಸ್ಟ್ ಫ್ಯಾನಿನ ಸದ್ದಿನಲ್ಲಿ ‘ಏಕ್’ ಮತ್ತು ‘ಛೇ’ ಎರಡೂ ಒಂದೇ ತರಹ ಕೇಳುತ್ತವೆ.

ಮುಗಿದ ಪದಾರ್ಥಗಳದ್ದೂ ಅದೇ ಕಥೆ. ಖಲಾಸ್ ಆದದ್ದನ್ನು ಕಿಚನ್ನಿನವರು ಹೇಳುವುದು ಆರ್ಡರು ಬಂದ ಮೇಲೆ. ಅಷ್ಟರಲ್ಲಿ ಗಿರಾಕಿ ಕಾಯುತ್ತಾ ಕೂತು ಹತ್ತು ನಿಮಿಷ. ನಿಯಮ ಸರಳ: ಐದು ಪ್ಲೇಟು ಉಳಿದಾಗಲೇ ಕೂಗಬೇಕು, ಸೊನ್ನೆಯಾದಾಗ ಅಲ್ಲ. ಅದೇ ಹೊತ್ತಿಗೆ ಸ್ವಿಗ್ಗಿ, ಝೊಮ್ಯಾಟೊ ಟ್ಯಾಬಿನಲ್ಲೂ ಆ ಐಟಂ ಬಂದ್ ಮಾಡುವವನು ಯಾರು ಎಂದು ಹೆಸರು ಹಿಡಿದು ಗೊತ್ತು ಮಾಡಿರಬೇಕು. ‘ಯಾರಾದರೂ ಮಾಡುತ್ತಾರೆ’ ಎಂದರೆ ಯಾರೂ ಮಾಡುವುದಿಲ್ಲ.

ಈಗ ನಮ್ಮ ಊರಿನ ಹೊಟೇಲುಗಳು ಅತಿ ಹೆಚ್ಚು ವಿಶ್ವಾಸ ಕಳೆದುಕೊಳ್ಳುವ ಜಾಗಕ್ಕೆ ಬರೋಣ. ‘ಜೈನ್ ಮಿಲೇಗಾ?’ (ಗಡ್ಡೆಗಳಿಲ್ಲದ ಜೈನರ ಅಡುಗೆ ಸಿಗುತ್ತದೆಯೇ?) ಎಂದು ಕೇಳಿದವರಿಗೆಲ್ಲ ‘ಹಾಂ, ಹೋ ಜಾಯೇಗಾ’ ಎನ್ನುವ ಅಭ್ಯಾಸ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಆಯಿತು ಎಂದು ಹುಡುಗ ತಿಳಿದಿರುತ್ತಾನೆ. ಕ್ಯಾರೆಟ್, ಮೂಲಂಗಿ, ಬೀಟ್ರೂಟ್ ಕೂಡ ಗಡ್ಡೆಗಳೇ, ಹಸಿ ಶುಂಠಿಯನ್ನೂ ಅನೇಕರು ತಿನ್ನುವುದಿಲ್ಲ. ಪಾವ್ ಭಾಜಿಗೆ, ಮಸಾಲೆ ದೋಸೆಯ ಪಲ್ಯಕ್ಕೆ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕುವುದು ನಮ್ಮ ಮಾಸ್ತರರಿಗೆಲ್ಲ ಗೊತ್ತು. ಆದರೆ ತವಾ? ಎಷ್ಟೋ ಕಡೆ ದೋಸೆ ಅಂಟದಿರಲೆಂದು ಅರ್ಧ ಕೊಯ್ದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತವಾಕ್ಕೆ ಉಜ್ಜುತ್ತಾರೆ. ಅದರ ಮೇಲೆ ಹೊಯ್ದ ದೋಸೆಯನ್ನು ಜೈನ್ ಎಂದು ಕೊಡುವುದು ಮೋಸ, ಹುಡುಗನಿಗೆ ಅದು ಮೋಸ ಎಂದು ಹೊಳೆಯದಿದ್ದರೂ. ಸಾಂಬಾರಿನ ಸೌಟು ಜೈನ್ ಸಾಂಬಾರಿಗೂ ಅದೇ, ಚಟ್ನಿಯ ಮಿಕ್ಸರ್ ಅದೇ. ಪ್ರತ್ಯೇಕ ತವಾ, ಪ್ರತ್ಯೇಕ ಸೌಟು, ಪ್ರತ್ಯೇಕ ಬಣ್ಣದ ಚೀಟಿ ಇಡಲು ಸಾಧ್ಯವಿದ್ದರೆ ‘ಇದೆ’ ಎನ್ನಿ. ಇಲ್ಲವಾದರೆ ‘ಈರುಳ್ಳಿ ಬೆಳ್ಳುಳ್ಳಿ ಹಾಕದೆ ಮಾಡಿಕೊಡುತ್ತೇವೆ, ಆದರೆ ತವಾ ಒಂದೇ’ ಎಂದು ಇದ್ದದ್ದನ್ನು ಹೇಳಿ. ಗಿರಾಕಿ ಎದ್ದು ಹೋಗಬಹುದು. ಹೋದವನು ನಾಳೆ ಮನೆಯವರನ್ನು ಕರೆದುಕೊಂಡು ಬರುತ್ತಾನೆ, ಏಕೆಂದರೆ ನಿಮ್ಮ ಮಾತಿನ ಮೇಲೆ ಅವನಿಗೆ ನಂಬಿಕೆ ಬಂದಿರುತ್ತದೆ.

ಸಮಯದ ಮಾತೂ ಇಲ್ಲೇ ಸೇರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಊಟ ಮಾಡದವರು ಜೈನರಲ್ಲಿ ಬಹಳ ಮಂದಿ. ಮುಂಬಯಿಯಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಆಸುಪಾಸು, ಜೂನ್ ಕೊನೆಗೆ 7.15 ದಾಟುತ್ತದೆ. ಡಿಸೆಂಬರಿನ ಸಂಜೆ 5.40ಕ್ಕೆ ಬಂದು ಕೂತ ಹಿರಿಯ ದಂಪತಿಗೆ ‘ದೋ ಮಿನಿಟ್’ ಎಂದು ಹೇಳಿ ಇಪ್ಪತ್ತು ನಿಮಿಷ ಕಳೆದರೆ ಅವರು ಆ ರಾತ್ರಿ ಹಸಿದೇ ಮಲಗಬೇಕು. ಘಾಟ್ಕೋಪರ್, ಮುಲುಂಡ್, ವಾಲಕೇಶ್ವರ ಕಡೆ ಹೊಟೇಲಿರುವವರು ಸಂಜೆ ಪಾಳಿಯ ಬೋರ್ಡಿನಲ್ಲಿ ಆ ದಿನದ ಸೂರ್ಯಾಸ್ತದ ಹೊತ್ತು ಬರೆದಿಡಲಿ. ಕಾಲು ಗಂಟೆಯೊಳಗೆ ಆಗುವುದಿಲ್ಲವಾದರೆ ಆರ್ಡರು ತೆಗೆದುಕೊಳ್ಳುವ ಮೊದಲೇ ಹೇಳಬೇಕು.

ಇದೇ ಸಾಲಿನಲ್ಲಿ ಇನ್ನು ಕೆಲವು ಪ್ರಶ್ನೆ ಈಗ ಹೆಚ್ಚುತ್ತಿವೆ. ಗೋಧಿ ತಿನ್ನಬಾರದವರು ‘ದೋಸೆ ನಡೆಯುತ್ತದಲ್ಲ?’ ಎಂದು ಕೇಳುತ್ತಾರೆ. ಅಕ್ಕಿ ಉದ್ದು ಸರಿ. ಆದರೆ ಅಂಗಡಿಯಲ್ಲಿ ಸಿಗುವ ಕೂಟು ಹಿಂಗಿನಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುವುದು ಸಾಮಾನ್ಯ, ಅದು ನೇರ ಸಾಂಬಾರಿಗೆ ಹೋಗುತ್ತದೆ. ಡಬ್ಬಿಯ ಹಿಂದೆ ಬರೆದಿದೆ, ಓದಿ ನೋಡಿ. ರವಾ ದೋಸೆಯಂತೂ ಗೋಧಿಯೇ. ಉಪವಾಸದವರ ಸಾಬುದಾಣೆ ವಡೆಯನ್ನು ಮೆದು (ಉದ್ದಿನ) ವಡೆ ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ ಎಂದು ಶ್ರಾವಣದಲ್ಲಿ ಕೇಳುವವರೂ ಇದ್ದಾರೆ. ಶೇಂಗಾ, ಗೋಡಂಬಿ ಆಗದವರ ವಿಷಯ ಜೀವಕ್ಕೇ ಬರುವಂಥದ್ದು. ಇಂಥ ಪ್ರಶ್ನೆಗಳಿಗೆ ವೇಟರನಿಗೆ ಒಂದೇ ಉತ್ತರ ಕಲಿಸಿ: ‘ಕೇಳಿ ಬಂದು ಹೇಳುತ್ತೇನೆ.’ ಗೊತ್ತಿಲ್ಲ ಎನ್ನಲು ಅವನಿಗೆ ಅಪ್ಪಣೆ ಇರಬೇಕು. ಮಾಲಿಕರು ಬೈಯುತ್ತಾರೆ ಎಂಬ ಹೆದರಿಕೆಯೇ ಆ ‘ಹಾಂ ಹಾಂ’ಗಳಿಗೆಲ್ಲ ಮೂಲ.

ದೂರು ಬಂದಾಗ ಏನು ಮಾಡಬೇಕು? ನಮ್ಮಲ್ಲಿ ಮೊದಲು ಬಾಯಿಗೆ ಬರುವ ಮಾತು, ‘ಬೆಳಿಗ್ಗೆಯಿಂದ ಯಾರೂ ಹೇಳಿಲ್ಲ ಸಾರ್.’ ಇದನ್ನು ಇವತ್ತೇ ನಿಲ್ಲಿಸಿ. ಹೇಳಿದವನನ್ನು ಸುಳ್ಳುಗಾರ ಎಂದಂತೆ ಅದು. ರುಚಿಯ ದೂರಾದರೆ ವಾದವೇ ಬೇಡ, ‘ಬದಲಾಯಿಸಲೇ, ಬೇರೆ ಏನಾದರೂ ತರಲೇ?’ ಎಂದು ಎರಡು ಆಯ್ಕೆ ಕೊಟ್ಟರೆ ಸಾಕು. ತಣ್ಣಗಿನ ಸಾಂಬಾರು, ತಪ್ಪಿದ ಐಟಂ ಇದ್ದರೆ ಹೊಸದು ಬಂದ ಮೇಲೆ ಹಳೆಯ ಪ್ಲೇಟು ಎತ್ತಿ. ಜೊತೆಯವರೆಲ್ಲ ತಿನ್ನುವಾಗ ಒಬ್ಬನ ಎದುರು ಟೇಬಲು ಖಾಲಿ ಇರಬಾರದು. ಕೂದಲು, ಹುಳ ಕಂಡರೆ ಮಾತ್ರ ಆ ಕ್ಷಣಕ್ಕೆ ಪ್ಲೇಟು ಎತ್ತಬೇಕು, ಆ ಐಟಮಿನ ಹಣ ಬಿಲ್ಲಿನಲ್ಲಿ ಬರಬಾರದು, ಕ್ಯಾಪ್ಟನ್ ಕಿಚನ್ನಿಗೆ ಹೋಗಿ ಅದೇ ಪಾತ್ರೆಯಲ್ಲಿ ಉಳಿದದ್ದನ್ನು ನೋಡಬೇಕು. ಒಂದು ಪ್ಲೇಟು ಬದಲಾಯಿಸಿ ಉಳಿದ ಹತ್ತು ಪ್ಲೇಟು ಅದೇ ಪಾತ್ರೆಯಿಂದ ಹೋದರೆ ಏನು ಬಂತು?

ಇದೆಲ್ಲ ಆಗಬೇಕಾದರೆ ಕ್ಯಾಪ್ಟನ್‌ಗೆ ಅಧಿಕಾರ ಬೇಕು. ಒಂದು ಪ್ಲೇಟು ಬದಲಿಸಲು, ಒಂದು ಐಟಂ ಬಿಲ್ಲಿನಿಂದ ತೆಗೆಯಲು ಅವನು ಗಲ್ಲಾಕ್ಕೆ ಓಡಿ, ಗಲ್ಲಾದವರು ಮಾಲಿಕರಿಗೆ ಫೋನು ಹಚ್ಚಿ, ಅಷ್ಟು ಹೊತ್ತು ಗಿರಾಕಿ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ಟೇಬಲಿಗೆ 200 ರೂಪಾಯಿವರೆಗೆ ಎಂದೋ, ನಿಮ್ಮ ಹೊಟೇಲಿನ ದರಕ್ಕೆ ತಕ್ಕ ಬೇರೆ ಮೊತ್ತವೋ, ಒಂದು ಮಿತಿ ಹಾಕಿ, ಅದರೊಳಗೆ ಅವನ ತೀರ್ಮಾನವೇ ಕೊನೆ ಎಂದುಬಿಡಿ. ದುರುಪಯೋಗದ ಭಯವಿದ್ದರೆ ಒಂದು ಪುಸ್ತಕ ಇಡಿ: ತಾರೀಖು, ಹೊತ್ತು, ಟೇಬಲು, ಐಟಂ, ದೂರು, ಏನು ಮಾಡಿದೆವು. ಹೆಸರು ಹಿಡಿದು ದಂಡ ಹಾಕಲು ಈ ಪುಸ್ತಕ ಬಳಸಿದಿರೋ, ಮರುದಿನದಿಂದ ಯಾರೂ ಬರೆಯುವುದಿಲ್ಲ. ವಾರಕ್ಕೊಮ್ಮೆ ಕಾರಣ ಹುಡುಕಲು ಓದಿ. ‘ಸಾಂಬಾರು ತಣ್ಣಗೆ’ ಎಂಬ ದೂರುಗಳೆಲ್ಲ ಸಂಜೆ 4ರಿಂದ 5ರ ನಡುವೆ ಬಿದ್ದಿದ್ದರೆ ತಪ್ಪು ವೇಟರನದ್ದಲ್ಲ, ಮಧ್ಯಾಹ್ನದ ರಶ್ ಮುಗಿದ ಮೇಲೆ ಯಾರೋ ಬಿಸಿನೀರಿನ ಟ್ರೇಯ ಸ್ವಿಚ್ಚು ಆರಿಸುತ್ತಿದ್ದಾರೆ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಎಂಬುದು ಆಹಾರ ಸುರಕ್ಷತೆಯ ನಿಯಮವೂ ಹೌದು, ಒಂದು ಪ್ರೋಬ್ ಥರ್ಮಾಮೀಟರ್ ತಂದಿಟ್ಟರೆ ವಾದ ಮುಗಿಯಿತು.

ತಿಂದು ಹೊಟ್ಟೆ ಕೆಟ್ಟಿತು ಎಂದು ಫೋನು ಬಂದರೆ ಫೋನೆತ್ತಿದ ಹುಡುಗ ‘ನಮ್ಮಲ್ಲಿ ಹಾಗಾಗುವುದೇ ಇಲ್ಲ’ ಎನ್ನಬಾರದು, ಔಷಧ ಹೇಳಲೂಬಾರದು. ಏನು ತಿಂದಿರಿ, ಎಷ್ಟು ಹೊತ್ತಿಗೆ, ಈಗ ಹೇಗಿದ್ದೀರಿ, ನಂಬರು ಕೊಡಿ, ಇಂಥ ಹೊತ್ತಿಗೆ ನಮ್ಮ ಮ್ಯಾನೇಜರರು ಫೋನು ಮಾಡುತ್ತಾರೆ. ಅಷ್ಟೇ. ಮತ್ತು ಆ ಹೊತ್ತಿಗೆ ಫೋನು ಹೋಗಲೇಬೇಕು.

ಗಲ್ಲಾದ ವಿಚಾರ. ಇಲ್ಲಿ ಜಗಳ ಬರುವುದು ಹಣ ಹೆಚ್ಚಾದ್ದಕ್ಕಲ್ಲ, ಮೊದಲೇ ಹೇಳದ್ದಕ್ಕೆ. ಎಸಿ ಹಾಲಿನ ದರ ಬೇರೆ ಇದ್ದರೆ ಬಾಗಿಲಲ್ಲೇ ಬೋರ್ಡು ಬೇಕು, ಬಿಲ್ಲು ಬಂದ ಮೇಲೆ ತಿಳಿಯಬಾರದು. ಸಾಮಾನ್ಯ ಹೊಟೇಲಿನ ಜಿಎಸ್‌ಟಿ 5 ಪರ್ಸೆಂಟ್. ಆದರೆ ವರ್ಷದ ವಹಿವಾಟು 1.5 ಕೋಟಿಯೊಳಗಿದ್ದು ಕಾಂಪೊಸಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ವ್ಯವಸ್ಥೆಯಲ್ಲಿ, ಇರುವ ಹೊಟೇಲು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಹಾಗೆಂದು ಬಿಲ್ಲಿನಲ್ಲಿ ಬರೆದಿರಬೇಕು. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಲೈಸೆನ್ಸ್ ಅಥವಾ ನೋಂದಣಿ ನಂಬರು 2022ರ ಜನವರಿ 1ರಿಂದ ಬಿಲ್ಲಿನ ಮೇಲೆ ಕಡ್ಡಾಯ. ಸರ್ವಿಸ್ ಚಾರ್ಜ್ ನಮ್ಮ ಉಡುಪಿ ಹೊಟೇಲುಗಳಲ್ಲಿ ಕಡಿಮೆ. ಬಾರು, ಎಸಿ ರೆಸ್ಟುರಾಂಟು ಇಟ್ಟುಕೊಂಡವರಲ್ಲಿ ಇನ್ನೂ ಕೆಲವರು ಸದ್ದಿಲ್ಲದೆ ಸೇರಿಸುತ್ತಾರೆ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಎಂದಿತು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಗಿರಾಕಿ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ ದೂರು ದಾಖಲಾಗುತ್ತದೆ. ಗಲ್ಲಾದಲ್ಲಿ ಕೂರುವವರಿಗೆ ಇಷ್ಟು ತಿಳಿದಿರಬೇಕು. ‘ಸಿಸ್ಟಂನಲ್ಲಿ ಹಾಗೇ ಬರುತ್ತದೆ’ ಎಂಬುದು ಉತ್ತರವಲ್ಲ.

ಈಗಿನ ದೊಡ್ಡ ತಕರಾರು ಯುಪಿಐದು. ಗಿರಾಕಿಯ ಖಾತೆಯಿಂದ ಹಣ ಹೋಗಿದೆ, ನಿಮ್ಮ ಸೌಂಡ್‌ಬಾಕ್ಸು ಬಾಯಿ ಬಿಟ್ಟಿಲ್ಲ, ಹಿಂದೆ ಎಂಟು ಜನರ ಸಾಲು. ಸೌಂಡ್‌ಬಾಕ್ಸಿನ ಮೌನವೂ ಗಿರಾಕಿಯ ಸ್ಕ್ರೀನ್‌ಶಾಟೂ ಸಾಕ್ಷಿಯಲ್ಲ. ಮೊದಲು ಅಂಗಡಿಯ ಫೋನಿನಲ್ಲಿ ವ್ಯಾಪಾರಿ ಆ್ಯಪಿನ ಪಟ್ಟಿ ತೆರೆದು ನೋಡಿ, ಒಂದು ನಿಮಿಷ ಕಾಯಿರಿ. ಅವರ ಆ್ಯಪಿನಲ್ಲಿ ‘ಸಕ್ಸಸ್’ ಇದೆಯೋ ‘ಪೆಂಡಿಂಗ್’ ಇದೆಯೋ ಕೇಳಿ, ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರನ್ನು ಬಿಲ್ಲಿನ ಪ್ರತಿಯ ಮೇಲೆ ಬರೆದುಕೊಳ್ಳಿ. ಸಕ್ಸಸ್ ಇದ್ದು ನಂಬರೂ ಕೊಟ್ಟರೆ ಬಿಟ್ಟುಬಿಡಿ, ಹಣ ಸಾಮಾನ್ಯವಾಗಿ ತಡವಾಗಿ ಬಂದು ಸೇರುತ್ತದೆ. ಒಂದು ದೋಸೆಯ ದುಡ್ಡಿಗಾಗಿ ಸಾಲಿನ ಎದುರು ಒಬ್ಬನನ್ನು ಕಳ್ಳನಂತೆ ನಿಲ್ಲಿಸಬೇಡಿ. ಪೆಂಡಿಂಗ್ ಇದ್ದರೆ ನಗದು ಅಥವಾ ಬೇರೆ ಆ್ಯಪಿನಿಂದ ಕೊಡಲು ವಿನಂತಿಸಿ, ಬಿಲ್ಲಿನ ಹಿಂದೆ ‘ನಗದು ಪಡೆದಿದೆ, ಮೊದಲ ಯುಪಿಐ ಪೆಂಡಿಂಗ್’ ಎಂದು ಬರೆದು ಸಹಿ ಹಾಕಿಕೊಡಿ. ವ್ಯಾಪಾರಿಗೆ ಖಚಿತವಾಗದ ಯುಪಿಐ ಪಾವತಿಯನ್ನು ಬ್ಯಾಂಕು 5 ದಿನದೊಳಗೆ ತಾನಾಗಿ ತಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಹೇಳುತ್ತದೆ. ಇಷ್ಟನ್ನು ಶಾಂತವಾಗಿ ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ತಣ್ಣಗಾಗುತ್ತಾರೆ, ಹತ್ತನೆಯವನಿಗೆ ಆ ಸಹಿ ಮಾಡಿದ ಬಿಲ್ಲು ಸಾಕು.

ಪಾರ್ಸೆಲ್ ಕೌಂಟರಿನ ದೂರುಗಳಲ್ಲಿ ಮರೆತ ಚಟ್ನಿಯೇ ಮುಂದೆ. ಕಟ್ಟಿದವನೇ ಎಣಿಸಿದರೆ ತಪ್ಪು ಅವನ ಕಣ್ಣಿಗೆ ಬೀಳುವುದಿಲ್ಲ. ಕಟ್ಟುವವನೊಬ್ಬ, ಚೀಟಿ ಹಿಡಿದು ಎಣಿಸಿ ಸೀಲು ಹಾಕುವವನು ಇನ್ನೊಬ್ಬ ಇರಲಿ. ಸಾಂಬಾರಿನ ಡಬ್ಬಿಯನ್ನು ಮುಕ್ಕಾಲಿಗಿಂತ ಮೇಲೆ ತುಂಬಬೇಡಿ, ಕುದಿಯುವ ಸಾಂಬಾರಿನ ಹಬೆ ಮುಚ್ಚಳ ಎಬ್ಬಿಸುತ್ತದೆ. ದೋಸೆಯ ಡಬ್ಬಿಗೆ ಎರಡು ತೂತು ಇಲ್ಲದಿದ್ದರೆ ಅದೇ ಹಬೆ ದೋಸೆಯನ್ನು ಒದ್ದೆ ಬಟ್ಟೆ ಮಾಡಿಬಿಡುತ್ತದೆ. ಆಹಾರ ಸಿದ್ಧವಾಗುವ ಮೊದಲೇ ಟ್ಯಾಬಿನಲ್ಲಿ ‘ಫುಡ್ ರೆಡಿ’ ಒತ್ತುವ ಚಾಳಿ ಬಿಡಿ. ಡೆಲಿವರಿ ಹುಡುಗ ಬಂದು ಇಪ್ಪತ್ತು ನಿಮಿಷ ಕಾಯುತ್ತಾನೆ, ಅವನ ದುಡಿಮೆ ಹೋಗುತ್ತದೆ, ಅವನ ಸಿಟ್ಟು ಗಿರಾಕಿಯ ಬಾಗಿಲಿಗೆ ಹೋಗುತ್ತದೆ. ಅವನಿಗೆ ಒಂದು ಲೋಟ ನೀರು, ನಿಲ್ಲಲು ನೆರಳು ಕೊಡುವುದಕ್ಕೆ ಖರ್ಚೇನೂ ಇಲ್ಲ.

ಆನ್‌ಲೈನ್ ರಿವ್ಯೂಗಳಿಗೆ ಎಲ್ಲರಿಗೂ ಒಂದೇ ಅಂಟಿಸುವ ಉತ್ತರ ಬೇಡ. ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂದು ಹತ್ತು ಕಡೆ ಬರೆದದ್ದನ್ನು ಓದಿದವನು ಹನ್ನೊಂದನೆಯ ಕಡೆ ನಗುತ್ತಾನೆ. ಯಾವ ಐಟಂ, ಏನಾಯಿತು, ಏನು ಬದಲಾಯಿಸಿದಿರಿ ಎಂದು ಮೂರು ಸಾಲು ಸಾಕು: ‘ಶನಿವಾರ ರಾತ್ರಿಯ ನಿಮ್ಮ ಪಾರ್ಸೆಲಿನಲ್ಲಿ ಚಟ್ನಿ ಬಿಟ್ಟುಹೋಗಿತ್ತು. ಸೀಲು ಹಾಕುವ ಮೊದಲು ಎಣಿಸಲು ಈಗ ಬೇರೆ ವ್ಯಕ್ತಿ ಇದ್ದಾರೆ. ಆ ಐಟಮಿನ ಹಣ ಹಿಂದಿರುಗಿಸುತ್ತೇವೆ.’ ಗಿರಾಕಿಯ ನಂಬರು ಹುಡುಕಿ ‘ಒಂದು ಸ್ಟಾರ್ ಯಾಕೆ ಕೊಟ್ಟಿರಿ’ ಎಂದು ಫೋನಿನಲ್ಲಿ ಜಗಳಕ್ಕೆ ನಿಲ್ಲುವವರೂ ನಮ್ಮಲ್ಲಿದ್ದಾರೆ. ದಯವಿಟ್ಟು ಬೇಡ.

ಭಾಷೆಯ ಬಗ್ಗೆ ಎರಡು ಮಾತು. ಒಂದು ಕಾಲಕ್ಕೆ ಹಾಲಿನಿಂದ ಪಾತ್ರೆ ತೊಳೆಯುವ ಮೋರಿಯವರೆಗೆ ಎಲ್ಲರೂ ಊರಿನ ಹುಡುಗರೇ, ತುಳು ಕನ್ನಡದಲ್ಲಿ ಹೊಟೇಲು ನಡೆಯುತ್ತಿತ್ತು. ಈಗ ಭಟ್ಟಿಯಲ್ಲಿ ನಮ್ಮವನಿದ್ದರೆ ಟೇಬಲಿನಲ್ಲಿ ನೇಪಾಳದವನು, ಟೇಬಲು ಒರೆಸುವ ಫಡ್ಕಾ ಹಿಡಿದವನು ಒಡಿಶಾದವನು, ಮೋರಿಯಲ್ಲಿ ಝಾರ್ಖಂಡದವನು. ಮಾಲಿಕರು ಭಟ್ಟರಿಗೆ ತುಳುವಿನಲ್ಲಿ ಹೇಳಿದ ಬದಲಾವಣೆ ಉಳಿದವರಿಗೆ ತಲುಪುವುದೇ ಇಲ್ಲ. ಕೆಲಸದ ಮಾತು ಎಲ್ಲರಿಗೂ ತಿಳಿಯುವ ಒಂದು ಭಾಷೆಯಲ್ಲಿರಲಿ, ಹಿಂದಿಯಾದರೆ ಹಿಂದಿ. ಹಾಗೆಯೇ ಗಲ್ಲಾದಲ್ಲಿ ಕೂತು ಗಿರಾಕಿಯ ಬಗ್ಗೆ ತುಳುವಿನಲ್ಲಿ ಟೀಕೆ ಮಾಡುವ ಹವ್ಯಾಸವಿದ್ದವರಿಗೆ ಒಂದು ಎಚ್ಚರಿಕೆ: ಈ ಊರಿನಲ್ಲಿ ಯಾವ ಟೇಬಲಿನಲ್ಲಿ ಮಂಗಳೂರಿನವರು ಕೂತಿದ್ದಾರೆ ಎಂದು ಹೇಳಲಾಗುವುದಿಲ್ಲ ಮಾರಾಯರೇ.

ಮರಾಠಿ ಬೋರ್ಡುಗಳನ್ನು 2023ರ ನವೆಂಬರಿನ ಗಡುವಿಗೆ ಎಲ್ಲರೂ ಗಡಿಬಿಡಿಯಲ್ಲಿ ಹಾಕಿಸಿದೆವು. ಬೋರ್ಡು ದೇವನಾಗರಿಯಲ್ಲಿದೆ, ಒಳಗೆ ಮರಾಠಿ ಅಜ್ಜಿಯೊಬ್ಬರು ‘ತಿಖಟ ಕಮೀ’ (ಖಾರ ಕಡಿಮೆ) ಎಂದರೆ ಹುಡುಗ ಕಣ್ಣು ಬಿಡುತ್ತಾನೆ. ಹದಿನೈದು ವಾಕ್ಯ ಕಲಿಸಿದರೆ ಸಾಕು: ‘ಬಸಾ, ಪಾಣೀ ಆಣತೋ.’ (ಕೂರಿ, ನೀರು ತರುತ್ತೇನೆ.) ‘ಕಾಯ ಘೇಣಾರ?’ (ಏನು ತೆಗೆದುಕೊಳ್ಳುತ್ತೀರಿ?) ‘ಡೋಶಾಲಾ ಪಂಧರಾ ಮಿನಿಟಂ ಲಾಗತೀಲ.’ (ದೋಸೆಗೆ ಹದಿನೈದು ನಿಮಿಷ ಆಗುತ್ತದೆ.) ‘ಮಾಫ ಕರಾ, ಬದಲೂನ ದೇತೋ.’ (ಕ್ಷಮಿಸಿ, ಬದಲಾಯಿಸಿ ಕೊಡುತ್ತೇನೆ.) ದಿನಕ್ಕೊಂದು ವಾಕ್ಯ, ಹದಿನೈದು ದಿನ. ಊರು ಬಿಟ್ಟು ಬಂದ ಹುಡುಗರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮುಂದೆ ಮಾಲಿಕರಾದ ಪರಂಪರೆ ಈ ಮುಂಬಯಿಯದು. ಇವತ್ತಿನ ಹುಡುಗನಿಗೆ ಅಂಥ ರಾತ್ರಿಶಾಲೆ ಇಲ್ಲ, ಕಲಿಸಬೇಕಾದದ್ದು ನೀವೇ.

ಹಾಲಿನ ನಡುವೆ ನಿಂತು ವೇಟರನಿಗೆ ಬೈಯುವುದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇವೆ. ಗಿರಾಕಿಯನ್ನು ಸಮಾಧಾನ ಮಾಡಿದೆ ಎಂದು ನೀವು ಎಣಿಸುತ್ತೀರಿ. ಅವನಿಗಾಗುವುದು ಮುಜುಗರ. ಬೈಸಿಕೊಂಡ ಹುಡುಗ ಉಳಿದ ಪಾಳಿಯಲ್ಲಿ ತಪ್ಪನ್ನು ಹೇಳುವುದಿಲ್ಲ, ಮುಚ್ಚಿಡುತ್ತಾನೆ. ‘ಏ ಛೋಟು’ ಎನ್ನುವ ಬದಲು ಹೆಸರು ಕರೆಯಿರಿ. ವಾರದ ರಜೆ ಕಾನೂನೇ ಕೊಟ್ಟಿರುವುದು, ಅದನ್ನು ಕೊಡಿ. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಡಬಲ್ ಮಾಡಿಸಿದ ಹುಡುಗನಿಂದ ರಾತ್ರಿ ಹತ್ತಕ್ಕೆ ನಯವಾದ ಮಾತು ನಿರೀಕ್ಷಿಸುವುದು ನ್ಯಾಯವಲ್ಲ.

ಕೊನೆಗೆ ನಮ್ಮ ಕೇಳಿಕೆಗಳು. ಪ್ರತಿದಿನ 11.30ಕ್ಕೆ, ಊಟದ ರಶ್ ಶುರುವಾಗುವ ಮುನ್ನ, ಹತ್ತು ನಿಮಿಷ ಎಲ್ಲರೂ ಕಿಚನ್ ಬಾಗಿಲಲ್ಲಿ ಸೇರಲಿ: ಇವತ್ತು ಏನಿಲ್ಲ, ಏನು ಹೊಸದು, ನಿನ್ನೆಯ ಎರಡು ದೂರು, ಅದಕ್ಕೆ ಮಾಡಿದ್ದೇನು. ಮಾಲಿಕರ ಭಾಷಣ ಬೇಡ. ಸಂಜೆ ಪಾಳಿ ಬದಲಾಗುವಾಗ ಇದನ್ನೇ ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಲಿ. ಹೊಸ ಹುಡುಗ ಮೂರು ದಿನ ಹಳಬನ ಹಿಂದೆ ನಡೆಯಲಿ, ನಾಲ್ಕನೇ ದಿನ ಎರಡು ಟೇಬಲು ಕೊಡಿ, ಬಂದ ದಿನವೇ ಎಂಟು ಟೇಬಲು ಹೊರಿಸಬೇಡಿ. ಆಹಾರ್‌ನಂಥ ನಮ್ಮ ಹೊಟೇಲು ಸಂಘಟನೆಗಳು ಚೀಟಿಯ ಸಂಕ್ಷಿಪ್ತ ಪಟ್ಟಿ, ಮರಾಠಿ ವಾಕ್ಯಗಳ ಹಾಳೆ, ಯುಪಿಐ ತಕರಾರಿನ ಕ್ರಮ ಇವನ್ನು ಅಚ್ಚು ಹಾಕಿಸಿ ಹಂಚಲಿ. ಮಧ್ಯಾಹ್ನ 3ರಿಂದ 4.30ರ ಬಿಡುವಿನಲ್ಲಿ ತರಬೇತಿ ಇಟ್ಟರೆ ಆ ಹೊತ್ತನ್ನು ಡ್ಯೂಟಿ ಎಂದೇ ಎಣಿಸಿ, ಹುಡುಗನ ನಿದ್ದೆಯ ಹೊತ್ತನ್ನು ಕಸಿದು ಕಲಿಸಿದ್ದು ತಲೆಗೆ ಹತ್ತುವುದಿಲ್ಲ.

11.30ರ ಆ ಸಭೆಗೆ ಮೋರಿಯವನನ್ನೂ ಕರೆಯಿರಿ. ಯಾವ ಪಲ್ಯ ಮುಟ್ಟದೆ ವಾಪಸು ಬರುತ್ತಿದೆ, ಯಾವ ಹೊತ್ತಿನ ವಡೆಯನ್ನು ಜನ ಒಂದು ತುಂಡು ಮುರಿದು ಬಿಟ್ಟು ಹೋಗುತ್ತಿದ್ದಾರೆ ಎಂದು ಹೊಟೇಲಿನಲ್ಲಿ ಅವನೊಬ್ಬನಿಗೇ ಗೊತ್ತು, ಮತ್ತು ಅವನನ್ನು ಯಾರೂ ಕೇಳುವುದಿಲ್ಲ.

ಇತಿ,
ಹೊಟೇಲು ಕೆಲಸದ ಕೆಲವರು
ಮುಂಬಯಿ